ಕ್ಯಾಮೆರಾ ಹಿಡಿಯುವವಳು

ಒಂಬತ್ತು ವರ್ಷ ನಾನು ಇನ್ನೊಬ್ಬರ ಹೊಟ್ಟೆಗೆ ದೀಪ ಹಿಡಿದವಳು,
ಮನಾಮದ ಈ ಆಸ್ಪತ್ರೆಯ ಎರಡನೇ ಥಿಯೇಟರಿನಲ್ಲಿ.
ಹೊಕ್ಕುಳಿಗೊಂದು ತೂತು, ಕೆಳಗೆರಡು,
ಗಾಳಿ ಬಿಟ್ಟರೆ ಹೊಟ್ಟೆ ಪೂರಿಯಂತೆ ಉಬ್ಬುತ್ತದೆ.
“ಎಡಕ್ಕೆ, ಸಿಸ್ಟರ್. ಸ್ವಲ್ಪ ಕೆಳಗೆ. ಸಾಕು.”
ಸಾಕು ಎಂದಲ್ಲಿ ಕೈ ನಿಲ್ಲಿಸುವುದು ನನ್ನ ಕೆಲಸ.

ಆ ದಿನ ಮೇಜಿನ ಮೇಲೆ ನಾನೇ.
ಕೈಪಟ್ಟಿಯಲ್ಲಿ ಜಲಜಾಕ್ಷಿ ಹೋಗಿ ಜಲಜಸಿ ಆಗಿತ್ತು.
ಇರಲಿ, ನೋವಿನ ಹೆಸರೇ ಯಾರಿಗೂ ನೆಟ್ಟಗೆ ಬಂದಿರಲಿಲ್ಲ.
ಮಲ್ಪೆಯಲ್ಲಿ ಅದು ಉಷ್ಣ;
ಮದುವೆಯಾದರೆ ಹೋಗುತ್ತದೆ,
ಆಯಿತಲ್ಲ, ಒಂದು ಹೆತ್ತರೆ ಹೋಗುತ್ತದೆ.
ಇಲ್ಲಿ ಅದು ಗ್ಯಾಸು, ಉರಿಮೂತ್ರ, ನೈಟ್ ಡ್ಯೂಟಿ.
ಒಮ್ಮೆ ಅಪೆಂಡಿಕ್ಸ್ ಕೂಡ. ತೆಗೆದೇಬಿಟ್ಟರು,
ಪಾಪ, ಅದರದೇನೂ ತಪ್ಪಿರಲಿಲ್ಲ.
ಸ್ಕ್ಯಾನು ಎಲ್ಲ ಸರಿ ಎಂದಿತು.
ವಿಮೆಯವರು ಎರಡು ಸಲ ಅರ್ಜಿ ಮರಳಿಸಿ
ಮೂರನೆಯದಕ್ಕೆ ಒಪ್ಪಿದರು: ಒಳಹೊಕ್ಕು ನೋಡಿ.

ನೋಡಿದವರು ಡಾಕ್ಟರ್ ಹಿಶಾಮ್,
ಒಳ್ಳೆಯವರು. ಹನ್ನೆರಡು ನಿಮಿಷ.
“ಮಬ್ರೂಕ್,” ಅಂದರು ನಾನು ಕಣ್ಣುಬಿಟ್ಟಾಗ, “ಒಳಗೆಲ್ಲ ಕ್ಲೀನ್.”
ಖುಷಿಪಡಬೇಕಿತ್ತು. ಗೋಡೆಗೆ ತಿರುಗಿ ಅತ್ತೆ.
ಉಳಿದ ಗಾಳಿ ಹೆಗಲಿಗೇರಿ ನಾಲ್ಕು ದಿನ ಚುಚ್ಚಿತು.
ಇಷ್ಟು ವರ್ಷಗಳಲ್ಲಿ
ಎಲ್ಲರೂ ತಕ್ಷಣ ನಂಬಿದ ನೋವು ಅದೊಂದೇ.

ಗುದೈಬಿಯಾದಲ್ಲಿ ನಮ್ಮದು ಒಂದು ಹಾಲು, ಮೂರು ಪರದೆ.
ಒಂದು ರಾತ್ರಿ ಬಾತ್‌ರೂಮಿನಲ್ಲಿ ಬಿದ್ದೆ.
ಹೊರಗಿಂದ ಸಬೀನಾ ಬೀಗದ ಕಿಂಡಿಗೆ ಕಣ್ಣಿಟ್ಟು ಹೇಳುತ್ತಿದ್ದಳು:
ಬಕೆಟ್ಟಿದೆ, ಮಗ್ಗಿದೆ, ನನ್ನದೇ ದುಪಟ್ಟಾ ಇದೆ,
ಯಾರೂ ಕಾಣುವುದಿಲ್ಲಪ್ಪ.
ನಾನು ಬಾಗಿಲ ಬುಡದಲ್ಲೇ ಇದ್ದೆ,
ಅವಳ ಉಸಿರು ಕೇಳುವಷ್ಟು ಹತ್ತಿರ.

ಎರಡು ವರ್ಷದ ಮೇಲೆ ಡಾಕ್ಟರ್ ಇಹ್ಸಾನ್ ಬಂದರು, ಸೂಡಾನಿನವರು.
ಹಳೆಯ ರೆಕಾರ್ಡಿಂಗ್ ಹಾಕಿ, ನಿಲ್ಲಿಸಿ, ಹಿಂದಕ್ಕೆ ಓಡಿಸಿ,
“ಇಲ್ಲಿ ಯಾರೂ ಕರುಳನ್ನು ಎತ್ತಿಯೇ ಇಲ್ಲ,” ಅಂದರು.
ಸುಟ್ಟ ಸಾಸಿವೆಯಂತೆ ಕಪ್ಪಗಿರುತ್ತದೆಂದು ಹುಡುಕಿದರೆ
ಕಪ್ಪಲ್ಲದ್ದೆಲ್ಲ ಆರೋಗ್ಯ.
ಅದು ಕೆಂಪಗೂ ಇರುತ್ತದೆ, ಹಳೆ ಕಲೆಯ ಬಿಳಿಯೂ,
ಕೆಲವೊಮ್ಮೆ ಬಣ್ಣವೇ ಇಲ್ಲದ ನೀರ್ಗುಳ್ಳೆ,
ಬೆಳಕು ಓರೆಯಾಗಿ ಬಿದ್ದರಷ್ಟೇ ಮಿನುಗುವುದು.
ಅಪ್ಪ ನೆನಪಾದ, ಬರಿಬಲೆ ಎಳೆದ ದಿನ
ದಡದಲ್ಲಿ ಕೂತು ಹೇಳುತ್ತಿದ್ದುದು:
ಕಡಲು ಖಾಲಿಯಲ್ಲ ಮಗಾ, ಬಲೆಯ ಕಣ್ಣು ದೊಡ್ಡದು.

ಮತ್ತೆ ಮೂರು ತೂತು. ಈ ಸಲ ಎರಡು ಗಂಟೆ.
ನನ್ನ ಭಾಷೆಯಲ್ಲಿ, ಡಾಕ್ಟರ್, ಮುಟ್ಟು ಅಂದರೆ ಎರಡು:
ತಿಂಗಳಿಗೊಮ್ಮೆ ಬರುವುದು ಒಂದು,
ಕೈಯಿಟ್ಟು ನೋಡು ಎನ್ನುವುದು ಇನ್ನೊಂದು.
ಮೊದಲಿನದು ಬಂದಾಗ ಎರಡನೆಯದು ಬೇಡ ಎಂದು
ಮೂಲೆಯಲ್ಲಿ ಕೂರಿಸಿದರು ನನ್ನ ಅಜ್ಜಿಯನ್ನು.
ನೀವೂ ಅಷ್ಟೇ, ಮೊಳದುದ್ದದ ಸಲಾಕೆಯ ತುದಿಯಿಂದ ತಡಕುತ್ತೀರಿ;
ಪೊರೆಯಡಿ ಆಳಕ್ಕಿಳಿದ ಗಂಟು
ಬೆರಳಿಗೆ ಸಿಕ್ಕೀತು, ಕಣ್ಣಿಗೆ ಹೇಗೆ ಸಿಕ್ಕೀತು?
ಅರೆ ಅರಬ್ಬಿಯಲ್ಲಿ ಇಷ್ಟನ್ನೂ ಹೇಳಲಾಗದೆ
ಅವರ ಕೈಯನ್ನು ಎಡಗಡೆ ಒತ್ತಿ ತೋರಿಸಿದ್ದೆ:
ಇಲ್ಲಿ.

ನಾಲ್ಕು ಚೂರು ಲ್ಯಾಬಿಗೆ ಹೋದವು.
ಮೂರರಲ್ಲಿ ಏನಿಲ್ಲ. ನಾಲ್ಕನೆಯದರಲ್ಲಿ, ಹೌದು.
ಅರ್ಧ ಅಕ್ಕಿಕಾಳಿನಷ್ಟು ಹೌದು.
ಬಸ್ಸಿನಲ್ಲಿ ಆ ಹಾಳೆ ಓದುತ್ತ ಇಳಿಯುವ ಸ್ಟಾಪು ದಾಟಿದೆ.
ಕತ್ತರಿ ಒಂದು ಕೂದಲೆಳೆ ಆಚೆ ಹೋಗಿದ್ದರೆ
ನಾಲ್ಕೂ ಕ್ಲೀನ್, ನಾನು ಮತ್ತೆ ಸುಳ್ಳಿ.
ನೋವು ಹೋಯಿತೇ ಅಂತ ಕೇಳುತ್ತಾರೆ.
ಕಡಿಮೆಯಾಗಿದೆ. ಕೆಲವು ತಿಂಗಳು ಆಗಿಲ್ಲ.

ಸೋಮವಾರ ಡ್ಯೂಟಿಗೆ ಮರಳಿದೆ.
ಮೇಜಿನ ಮೇಲೆ ಇಪ್ಪತ್ತಮೂರರ ಹುಡುಗಿ, ಸಲ್ಮಾಬಾದಿನ ಟೈಲರ್,
ಡಾಕ್ಟರ್ ಹಿಶಾಮ್, ಹನ್ನೊಂದನೇ ನಿಮಿಷ.
“ಸಾಕು, ಸಿಸ್ಟರ್.”
ಕೈ ನಿಲ್ಲಿಸಲಿಲ್ಲ.
ಕರುಳಿನ ಹಿಂದಕ್ಕೆ, ಮಬ್ಬು ಮಡಿಕೆಯ ಬಳಿಗೆ
ದೀಪವನ್ನು ಇನ್ನೊಂದು ಬೆರಳು ಒಯ್ದೆ.
ಅವರು ನನ್ನ ಮುಖ ನೋಡಿದರು, ಆಮೇಲೆ ಪರದೆ.